ಅತ್ತೆಯ ಗಾಯ, ನನ್ನ ಗಾಯ

ನಮ್ಮ ಅತ್ತೆಯ ಹೊಟ್ಟೆಯ ಮೇಲೆ, ಬಲಗಡೆ ಪಕ್ಕೆಲುಬಿನ ಕೆಳಗೆ, ಓರೆಯಾಗಿ ಒಂದು ಗಾಯದ ಗುರುತಿದೆ. ನನ್ನ ಅಂಗೈಗಿಂತ ಉದ್ದ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಗಣಿಯ ಆಸ್ಪತ್ರೆಯಲ್ಲಿ ಪಿತ್ತಕೋಶ ತೆಗೆದ ಗುರುತು ಅದು. ಹೊಲಿಗೆಯ ಚುಕ್ಕೆಗಳು ಎರಡೂ ಬದಿಗೆ ಇನ್ನೂ ಕಾಣುತ್ತವೆ. ಗಾಯದ ಕೆಳತುದಿಯಲ್ಲಿ ನಿಂಬೆಹಣ್ಣಿನಷ್ಟು ಒಂದು ಉಬ್ಬು. ಕೆಮ್ಮಿದರೆ ದೊಡ್ಡದಾಗುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಅತ್ತೆ ಜಾರಿಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವರಿಗೆ ದಿನಾ ಸ್ನಾನ ಮಾಡಿಸುವವಳು ನಾನು. ಹಾಗಾಗಿ ಆ ಗಾಯವನ್ನು ನನ್ನ ಮುಖಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಸೋಪು ಹಚ್ಚುವಾಗ ಆ ಉಬ್ಬಿನ ಮೇಲೆ ಬಂದ ಕೂಡಲೇ ಕೈ ತಾನಾಗಿ ಹಗುರವಾಗುತ್ತದೆ.

ನನ್ನ ಪಿತ್ತಕೋಶದಲ್ಲೂ ಕಲ್ಲಿದೆ ಅಂತ ಗೊತ್ತಾದ ದಿನ ಮೊದಲು ಕಣ್ಣೆದುರಿಗೆ ಬಂದದ್ದು ಆ ಉಬ್ಬೇ.

ನಮ್ಮದು ಊರಿಗಾಂನ ಲೈನ್ ಮನೆ, ಚಿನ್ನದ ಗಣಿಯವರು ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ್ದರಲ್ಲಿ ಒಂದು. ಮಾವ ಗಣಿಯಲ್ಲಿದ್ದಾಗ ಸಿಕ್ಕಿದ್ದು. ಮಾವ ಹೋದರು, ಗಣಿ ಮುಚ್ಚಿತು, ಮನೆ ಉಳಿಯಿತು. ಗಂಡ ಆಟೋ ಓಡಿಸುತ್ತಾರೆ. ನಾನು ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ರವಿಕೆ ಹೊಲಿಯುತ್ತೇನೆ. ಮಕ್ಕಳಿಬ್ಬರೂ ಮದುವೆಯಾಗಿ ಬೇರೆ ಊರು ಸೇರಿದ್ದಾರೆ. ಮನೆಯ ದಿನಚರಿ ಅಂತ ಇರುವುದೆಲ್ಲ ಅತ್ತೆಯನ್ನು ಎತ್ತಿ ಕೂರಿಸುವುದರ ಸುತ್ತ. ಬೆಳಿಗ್ಗೆ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿನ ಸ್ಟೂಲಿಗೆ, ಅಲ್ಲಿಂದ ಬಾಗಿಲ ಬಳಿಯ ಬಿಸಿಲಿಗೆ. ಮಧ್ಯಾಹ್ನ ಮತ್ತೆ ಒಳಗೆ. ಎತ್ತುವುದಕ್ಕೂ ಒಂದು ಕ್ರಮವಿದೆ. ಅವರ ಮಂಡಿಗೆ ನನ್ನ ಮಂಡಿ ಒತ್ತಿ, ಕಂಕುಳ ಕೆಳಗೆ ಎರಡೂ ಕೈ ತೂರಿಸಿ, ಅವರು ನನ್ನ ಕುತ್ತಿಗೆ ಹಿಡಿದುಕೊಂಡ ಮೇಲೆ ಒಂದೇ ಉಸಿರಿಗೆ ಎಬ್ಬಿಸಬೇಕು. ಅರ್ಧಕ್ಕೆ ಬಿಟ್ಟರೆ ಇಬ್ಬರೂ ಬೀಳುತ್ತೇವೆ.

ಅವರ ಮಗ ಎತ್ತಿದರೆ ಆಗುವುದಿಲ್ಲವೇ? ಆಗುತ್ತದೆ. ಅತ್ತೆ ಒಪ್ಪಬೇಕಲ್ಲ. ಗಂಡುಮಗನ ಕೈಯಲ್ಲಿ ಸೀರೆ ಸರಿಮಾಡಿಸಿಕೊಳ್ಳುವ ಸ್ಥಿತಿ ಬಂದರೆ ಅವತ್ತೇ ಕಣ್ಣು ಮುಚ್ಚುತ್ತೇನೆ ಅಂತ ಅವರ ಹಟ. ಬೇರೆ ಹೆಂಗಸರ ಕೈಯೂ ಬೇಡ. ನಾನೇ ಆಗಬೇಕು. ಇದನ್ನು ಪ್ರೀತಿ ಅಂತ ಕರೆಯಬೇಕೋ ಕಾಟ ಅಂತ ಕರೆಯಬೇಕೋ ನನಗೆ ಬಹಳ ದಿನ ತಿಳಿಯಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಎತ್ತುವಾಗ ಬೈಯುತ್ತೇನೆ, ಕೂರಿಸಿದ ಮೇಲೆ ಕಾಫಿ ಕೊಡುತ್ತೇನೆ. ಅವರೂ ಹಾಗೇ, ಬೈಸಿಕೊಳ್ಳುತ್ತಾರೆ, ಕಾಫಿಗೆ ಸಕ್ಕರೆ ಕಮ್ಮಿ ಅನ್ನುತ್ತಾರೆ.

ಮೊದಲ ಸಲ ನೋವು ಬಂದದ್ದು ಬಂಗಾರಪೇಟೆಯಲ್ಲಿ ಒಂದು ಮದುವೆಯ ಊಟ ಉಂಡು ಬಂದ ದಿನ. ಬಲಪಕ್ಕೆಯಲ್ಲಿ ಶುರುವಾಗಿ ಬೆನ್ನಿಗೆ ಹೋಗಿ ಹೆಗಲವರೆಗೆ ಹತ್ತಿತು. ಗ್ಯಾಸ್ಟ್ರಿಕ್ ಅಂದುಕೊಂಡು ಸೋಡಾ ಕುಡಿದೆ, ಜೀರಿಗೆ ನೀರು ಕುಡಿದೆ. ಹೋಯಿತು. ಎರಡನೇ ಸಲ ಬಂದಾಗ ಗಂಡ ಬಿಡಲಿಲ್ಲ, ಆಟೋದಲ್ಲಿ ಕೂರಿಸಿಕೊಂಡು ಹೋಗಿ ಬಂಗಾರಪೇಟೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿದರು. ಪಿತ್ತಕೋಶದ ತುಂಬ ಕಲ್ಲು ಅಂದರು. ಆಪರೇಷನ್ ಮಾಡಿಸಿಕೊಂಡರೆ ಒಳ್ಳೆಯದು, ತಡ ಮಾಡಬೇಡಿ ಅಂತಲೂ ಅಂದರು.

ತಡ ಮಾಡಿದೆ. ನಮ್ಮ ಲೈನಿನಲ್ಲಿ ಕಲ್ಲಿನ ವಿಷಯ ತಿಳಿಯದು ಅನ್ನುವವರು ಒಬ್ಬರೂ ಇಲ್ಲ. ತಲೆಮಾರುಗಳಿಂದ ಭೂಮಿಯೊಳಗೆ ಇಳಿದು ಕಲ್ಲು ಒಡೆದವರ ಮನೆಗಳು. ಕಲ್ಲು ಅಂತ ಕಿವಿಗೆ ಬಿದ್ದರೆ ಸಾಕು, ಅದು ಮೂತ್ರಪಿಂಡದ್ದೋ ಪಿತ್ತಕೋಶದ್ದೋ ಯಾರೂ ಕೇಳುವುದಿಲ್ಲ, ಒಡೆಯುವ ಉಪಾಯ ಹೇಳುತ್ತಾರೆ. ಬಾಳೆದಿಂಡಿನ ರಸ ಕುಡಿ ಅಂದರು, ಕುಡಿದೆ. ಹುರುಳಿಕಾಳು ನೆನೆಸಿದ ನೀರು ಕುಡಿ ಅಂದರು, ಅದನ್ನೂ ಕುಡಿದೆ. ಮನೆಯಲ್ಲಿ ತಿಂಗಳುಗಟ್ಟಲೆ ಹುರುಳಿ ಸಾರು. ಗಂಡ ಪಾಪ ಬಾಯಿಬಿಡದೆ ಉಂಡರು. ಪ್ರತಿಸಲ ನೋವು ಬಂದು ತಾನಾಗಿ ಇಳಿದಾಗ, ನೋಡಿದಿರಾ ಕರಗುತ್ತಿದೆ ಅಂತ ನಾನೇ ಎಲ್ಲರಿಗೂ ಹೇಳಿದೆ. ಪಿತ್ತಕೋಶದ ಕಲ್ಲು ಬಾಳೆದಿಂಡಿಗೆ ಜಗ್ಗುವುದಿಲ್ಲ ಅಂತ ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಿಳಿಸಿಕೊಟ್ಟರು. ಅಷ್ಟು ಹೊತ್ತಿಗೆ ಒಳಗೆ ಕೀವು ಕಟ್ಟಿ, ಚಳಿಜ್ವರ ಬಂದು, ನಾನು ಅವರ ಎದುರಿಗೆ ಮಂಚದ ಮೇಲೆ ಮುದುಡಿಕೊಂಡಿದ್ದೆ.

ಡಾಕ್ಟರಮ್ಮ ನನ್ನ ವಯಸ್ಸಿನವರೇ ಇರಬೇಕು. ಮೆತ್ತಗೆ ಮಾತಾಡುತ್ತಾರೆ, ಆದರೆ ಆಡಿದ ಮಾತಿಂದ ಆಚೀಚೆ ಆಗುವುದಿಲ್ಲ. ಔಷಧಿ ಕೊಟ್ಟು ಜ್ವರ ಇಳಿಸಿದರು. ಒಳಗಿನ ಉರಿ ಆರಲಿ, ಒಂದೂವರೆ ತಿಂಗಳು ಬಿಟ್ಟು ಆಪರೇಷನ್ ಮಾಡೋಣ ಅಂದರು. ಯಾವ ಥರದ ಆಪರೇಷನ್ ಅಂತ ಕೇಳಿದೆ. ನನಗೆ ಬೇಕಾಗಿದ್ದದ್ದು ಅದೊಂದೇ.

ಎರಡು ದಾರಿ ಇವೆ ಅಂತ ಅವರು ವಿವರಿಸಿದರು. ಒಂದು, ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತು ಮಾಡಿ, ಒಳಗೆ ಗಾಳಿ ತುಂಬಿ ಹೊಟ್ಟೆ ಉಬ್ಬಿಸಿ, ಒಂದು ತೂತಿನಿಂದ ಕ್ಯಾಮೆರಾ, ಉಳಿದವುಗಳಿಂದ ಉದ್ದನೆಯ ಸಲಕರಣೆಗಳನ್ನು ಇಳಿಸಿ, ಟೀವಿಯಲ್ಲಿ ನೋಡುತ್ತ ಪಿತ್ತಕೋಶ ಬಿಡಿಸುವುದು. ಇನ್ನೊಂದು, ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದು ಕೈ ಹಾಕಿ ತೆಗೆಯುವುದು. ತೂತಿನದಾದರೆ ಒಂದೆರಡು ದಿನಕ್ಕೆ ಮನೆ. ನೋವು ಕಮ್ಮಿ, ಗಾಯ ಬೇಗ ಮಾಯುತ್ತದೆ. ಕೊಯ್ದರೆ ಆಸ್ಪತ್ರೆಯಲ್ಲೇ ಒಂದು ವಾರ, ಆಮೇಲೆ ಒಂದೂವರೆ ತಿಂಗಳು ಭಾರ ಮುಟ್ಟುವ ಹಾಗಿಲ್ಲ. ತೂತಿನಲ್ಲಿ ಬರೀ ಕಲ್ಲು ತೆಗೆದು ಚೀಲ ಒಳಗೇ ಬಿಡುತ್ತಾರಂತಲ್ಲ ಅಂತ ಕೇಳಿದೆ. ಲೈನಿನಲ್ಲಿ ಹಾಗಂತ ಸುದ್ದಿಯಿತ್ತು. ಅವರು ನಕ್ಕರು. ಎರಡರಲ್ಲೂ ಚೀಲವೇ ಹೋಗುತ್ತೆ, ಒಳಗಿನ ಕೆಲಸ ಒಂದೇ, ನಾವು ಹೋಗುವ ಬಾಗಿಲು ಮಾತ್ರ ಬೇರೆ ಅಂದರು.

ಹಾಗಾದರೆ ತೂತಿನದೇ ಆಗಲಿ ಅಂದೆ. ಮನೆಯಲ್ಲಿ ಒಬ್ಬರನ್ನು ದಿನಾ ಎತ್ತಬೇಕು, ನನ್ನ ಬಿಟ್ಟು ಬೇರೆಯವರ ಕೈಗೆ ಅವರು ಬರುವುದಿಲ್ಲ, ಒಂದೂವರೆ ತಿಂಗಳು ಅವರು ಮಂಚದ ಮೇಲೇ ಬಿದ್ದಿದ್ದರೆ ಬೆನ್ನೆಲ್ಲ ಹುಣ್ಣಾಗುತ್ತದೆ ಅಂತ ಎಲ್ಲವನ್ನೂ ಹೇಳಿಕೊಂಡೆ. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು.

"ತೂತಿನಿಂದಲೇ ಶುರು ಮಾಡ್ತೀನಮ್ಮ. ಆದರೆ ಒಳಗೆ ಒಂದಕ್ಕೊಂದು ಅಂಟಿಕೊಂಡು ಸರಿಯಾಗಿ ಕಾಣಿಸದಿದ್ದರೆ ಅಲ್ಲೇ ನಿಲ್ಲಿಸಿ ಕೊಯ್ದು ತೆಗೀತೀನಿ."

ಕೊಯ್ಯಲ್ಲ ಅಂತ ಮಾತು ಕೊಡಿ ಅಂದೆ. ಕೊಡಲಿಲ್ಲ. ಪ್ರಯತ್ನ ಮಾಡ್ತೀನಿ, ಮಾತು ಕೊಡಲ್ಲ ಅಂದರು. ಸಿಟ್ಟು ನೆತ್ತಿಗೇರಿತು. ಒಂದು ರವಿಕೆಗೆ ನಾನು ಇಂಥ ದಿನ ಕೊಡುತ್ತೇನೆ ಅಂದರೆ ಕೊಡುತ್ತೇನೆ, ಇಷ್ಟು ಓದಿದವರಿಗೆ ಒಂದು ಮಾತು ಕೊಡಲು ಆಗದೇ ಅಂತ ದಾರಿಯುದ್ದಕ್ಕೂ ಗಂಡನ ತಲೆ ತಿಂದೆ. ಅವರು ಆಟೋ ಓಡಿಸುತ್ತಾ ಹೂಂಗುಟ್ಟಿದರು.

ಅತ್ತೆಗೆ ತೂತಿನ ಆಪರೇಷನ್ನು ಹಿಡಿಸಲೇ ಇಲ್ಲ. ಕೈ ಹಾಕಿ ತೆಗೆದರೇನೇ ತೆಗೆದ ಹಾಗೆ, ಟೀವಿ ನೋಡಿಕೊಂಡು ತೆಗೆಯುವುದು ಎಂಥ ತೆಗೆಯುವುದು ಅಂತ ಅವರ ವಾದ. ಗಣಿಯ ಆಸ್ಪತ್ರೆಯ ಡಾಕ್ಟರು ಎಷ್ಟು ಚೆಂದ ಕೊಯ್ದಿದ್ದರು, ನರ್ಸಮ್ಮ ಹೇಗೆ ತಲೆ ಬಾಚುತ್ತಿದ್ದಳು, ಬ್ರೆಡ್ಡು ಹಾಲು ಹೇಗೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು ಅಂತ ಶುರು ಮಾಡಿದರು. ಸ್ನಾನದ ಹೊತ್ತು ಅದು. ನಾನು ಅವರ ಹೊಟ್ಟೆಯ ಉಬ್ಬಿನ ಕಡೆ ಕೈ ತೋರಿಸಿ, ಕೈ ಹಾಕಿ ತೆಗೆದದ್ದರ ಚೆಂದ ಇದೇ ತಾನೆ ಅಂದುಬಿಟ್ಟೆ. ಅತ್ತೆ ಮಾತು ನಿಲ್ಲಿಸಿ ನೀರು ಹುಯ್ಯಿ ಅಂದರು. ಗೆದ್ದೆ ಅಂದುಕೊಂಡು ನಾನು ನೀರು ಹುಯ್ದೆ.

ತವರಿನ ಕಡೆಯಿಂದ ನನಗೊಬ್ಬಳು ತಂಗಿ. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲೇ ಅವಳ ಗಂಡನ ಮನೆ. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಅವಳು ಮೂರು ದಿನ ಬಂದಿರುವುದು ಅಂತ ಮಾತಾಯಿತು. ಹೆಚ್ಚು ಆಗದು, ಆ ಹಸುಗಳು ಬೇರೆಯವರ ಕೈಗೆ ಹಾಲು ಬಿಡುವುದಿಲ್ಲ. ಅತ್ತೆಯೂ ನನ್ನ ತಂಗಿಯ ಹಸುಗಳೂ ಒಂದೇ ಜಾತಿ ಅಂತ ನಾನು ತಮಾಷೆ ಮಾಡಿದ್ದೆ. ಗೋಗರೆದು ಗೋಗರೆದು ಅತ್ತೆಯನ್ನು ಒಪ್ಪಿಸಿದೆ. ನಿನ್ನ ರಕ್ತ ತಾನೆ, ಮೂರು ದಿನ ತಡ್ಕೊಳ್ತೀನಿ ಅಂದರು. ತೂತಿನ ಆಪರೇಷನ್ನಿಗೆ ಮೂರು ದಿನ ಸಾಕು, ನಾಲ್ಕನೇ ದಿನ ನಾನು ಮೆಲ್ಲಗೆ ಓಡಾಡಿಕೊಂಡು ಹೇಗೋ ಸಂಭಾಳಿಸುತ್ತೇನೆ ಅಂತ ನನ್ನ ಲೆಕ್ಕಾಚಾರ.

ಆಪರೇಷನ್ ದಿನ ಬೆಳಿಗ್ಗೆ ಹಸಿರು ಬಟ್ಟೆ ಹಾಕಿಸಿ, ಬಳೆ ಬಿಚ್ಚಿಸಿ ಒಳಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಕಣ್ಣು ಮಾತ್ರ ಕಾಣುವ ಹಾಗೆ ಮುಖ ಕಟ್ಟಿಕೊಂಡು ಬಂದು ಕೈ ಹಿಡಿದುಕೊಂಡರು. ಮತ್ತೊಂದು ಸಲ ಮಾತು ಕೇಳಬೇಕು ಅಂದುಕೊಳ್ಳುವಷ್ಟರಲ್ಲಿ ನಿದ್ದೆ.

ಎಚ್ಚರವಾದಾಗ ಮೊದಲು ಕೈ ಹೋದದ್ದು ಹೊಟ್ಟೆಗೆ. ಸಣ್ಣ ಸಣ್ಣ ನಾಲ್ಕು ಪಟ್ಟಿ ಸಿಗಬೇಕಿತ್ತು. ಪಕ್ಕೆಯ ಕೆಳಗೆ ಉದ್ದನೆಯ ದಪ್ಪ ಪಟ್ಟಿ ಸಿಕ್ಕಿತು, ಅದರ ಪಕ್ಕದಿಂದ ಒಂದು ಕೊಳವೆ ಹೊರಗೆ ಇಳಿದಿತ್ತು. ಅತ್ತೆಯ ಗಾಯ ಇರುವ ಜಾಗವೇ, ಅದೇ ಓರೆ. ಮುಟ್ಟಿ ಮುಟ್ಟಿ ನೋಡಿದೆ. ಅಳು ಬಂತು, ಅಳಲು ಹೋದರೆ ಗಾಯ ಎಳೆಯಿತು. ಅಳುವುದಕ್ಕೂ ಹೊಟ್ಟೆ ಬೇಕು ಅಂತ ಅವತ್ತೇ ತಿಳಿದದ್ದು.

ಸಂಜೆ ಡಾಕ್ಟರಮ್ಮ ಬಂದಾಗ ನಾನು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದೆ. ಅವರು ಸ್ಟೂಲು ಎಳೆದುಕೊಂಡು ಕೂತರು. ನಿಂತುಕೊಂಡೇ ಹೇಳಿ ಹೋಗಬಹುದಿತ್ತು.

"ತುಂಬ ಹೊತ್ತು ನೋಡಿದೆನಮ್ಮ. ಎಲ್ಲಾ ಅಂಟಿಕೊಂಡಿತ್ತು. ಪಿತ್ತದ ನಾಳ ಯಾವುದು, ಯಾವುದಲ್ಲ ಅಂತ ಟೀವಿಯಲ್ಲಿ ಖಚಿತ ಆಗಲಿಲ್ಲ. ಖಚಿತ ಆಗದೆ ಕತ್ತರಿ ಹಾಕೋ ಧೈರ್ಯ ನನಗೆ ಬರಲಿಲ್ಲ."

ಆ ನಾಳಕ್ಕೆ ಕತ್ತರಿ ತಾಗಿದ್ದರೆ ಏನಾಗುತ್ತಿತ್ತು ಅಂತ ಕೇಳಿದೆ. ಕಾಮಾಲೆ, ಸೋಂಕು, ಮತ್ತೆ ಮತ್ತೆ ಆಪರೇಷನ್ನು, ಜೀವಕ್ಕೂ ಅಪಾಯ ಅಂತ ಮುಚ್ಚಿಡದೆ ಹೇಳಿದರು. ಇದು ಸೋಲಲ್ಲ, ಹೀಗಾಗಬಹುದು ಅಂತ ಗೊತ್ತಿದ್ದೇ ನಿಮಗೆ ಮಾತು ಕೊಡಲಿಲ್ಲ ಅಂದರು. ಧೈರ್ಯ ಬರಲಿಲ್ಲ ಅಂತ ರೋಗಿಯ ಮುಂದೆ ಒಪ್ಪಿಕೊಂಡ ಡಾಕ್ಟರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಅವರು ಮಾತು ಕೊಟ್ಟಿದ್ದರೆ, ಕೊಟ್ಟ ಮಾತಿಗೆ ಕಟ್ಟುಬಿದ್ದು ಆ ತೂತುಗಳಿಂದಲೇ ಕೆಲಸ ಮುಗಿಸಲು ಹೋಗಿದ್ದರೆ ಅಂತ ಈಗಲೂ ಒಮ್ಮೊಮ್ಮೆ ನೆನೆಯುತ್ತೇನೆ. ಕೊಡದ ಮಾತಿಗಾಗಿ ನಾನು ಅವರಿಗೆ ಋಣಿ.

ಆದರೆ ಅತ್ತೆ? ಸಿಟ್ಟು ಇಳಿದ ಜಾಗಕ್ಕೆ ದಿಗಿಲು ಬಂದು ಕೂತಿತು. ಮೂರು ದಿನ ಕಳೆದ ಮೇಲೆ ಅವರನ್ನು ಎತ್ತುವವರು ಯಾರು? ಗಂಡ ಒಳಗೆ ಬಂದಾಗ ಅದನ್ನೇ ಕೇಳಿದೆ. ಅವರು ಎಂದಿನ ಹಾಗೆ ಹೂಂಗುಟ್ಟಲಿಲ್ಲ. ವಿಚಿತ್ರವಾಗಿ ನಕ್ಕು, ಅಮ್ಮ ಗೋಡೆ ತಟ್ಟಿದರಂತೆ ಅಂದರು.

ಲೈನ್ ಮನೆಗಳಲ್ಲಿ ಎರಡು ಮನೆಗಳ ನಡುವೆ ಒಂದೇ ಗೋಡೆ. ಹಿಂದೆ ಗಂಡಸರು ಪಾಳಿಯ ಮೇಲೆ ಗಣಿಯೊಳಗಿದ್ದಾಗ, ಮನೆಯಲ್ಲಿ ಹೆರಿಗೆ ನೋವು ಬಂದರೆ, ಮಗುವಿಗೆ ಜ್ವರ ನೆತ್ತಿಗೇರಿದರೆ ಹೆಂಗಸರು ಆ ಗೋಡೆ ತಟ್ಟುತ್ತಿದ್ದರಂತೆ. ತಟ್ಟಿದ್ದು ಕೇಳಿದವರು ಯಾಕೆ ಅಂತ ಕೇಳದೆ ಬರಬೇಕು. ಮಾತು ಬಿಟ್ಟಿದ್ದರೂ ಬರಬೇಕು. ಈಗ ಎಲ್ಲರ ಕೈಯಲ್ಲೂ ಫೋನಿದೆ, ಗೋಡೆ ತಟ್ಟುವವರಿಲ್ಲ. ನಾನು ಮದುವೆಯಾಗಿ ಬಂದ ಮೇಲೆ ಒಂದು ಸಲವೂ ಆ ಸದ್ದು ಕೇಳಿದ್ದಿಲ್ಲ.

ಅದೂ ಯಾರ ಗೋಡೆ! ಆ ಗೋಡೆಯಾಚೆ ಇರುವವಳು ನನಗಿಂತ ಚಿಕ್ಕವಳು, ಮನೆಯಲ್ಲಿ ತಮಿಳು ಮಾತಾಡುವವಳು, ಗಾರೆ ಕೆಲಸಕ್ಕೆ ಹೋಗುತ್ತಾಳೆ. ಅವಳ ನುಗ್ಗೆಮರದಿಂದ ಕಂಬಳಿಹುಳ ನಮ್ಮ ಅಂಗಳಕ್ಕೆ ಉದುರುತ್ತದೆ ಅಂತ ಅತ್ತೆ ಜಗಳ ತೆಗೆದು ಕೊಂಬೆ ಕಡಿಸಿದ್ದರು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಅತ್ತೆ ಬಿದ್ದಾಗ ನೋಡಲು ಬಂದವಳನ್ನು ಬಾಗಿಲಲ್ಲೇ ವಾಪಸು ಕಳಿಸಿದ್ದರು.

ಗಂಡ ಹೇಳಿದ್ದು ಇಷ್ಟು. ಆಪರೇಷನ್ ನಡುವೆ ನರ್ಸು ಹೊರಗೆ ಬಂದು ಕೊಯ್ಯಬೇಕಾಗಿದೆ ಅಂದಳು. ಅವರು ಗಾಬರಿಯಿಂದ ಮನೆಗೆ ಫೋನು ಮಾಡಿದರು. ನನ್ನ ತಂಗಿ ಸುದ್ದಿ ಕೇಳಿ, ಇನ್ನು ಹಸುಗಳ ಗತಿಯೇನು, ಅಕ್ಕನ ಗತಿಯೇನು ಅಂತ ಅಳಲು ಶುರುಮಾಡಿದಳು. ಅತ್ತೆ ಅಳಲಿಲ್ಲ. ಆ ಲೋಟ ಕೊಡು ಅಂತ ಕೇಳಿ ಇಸಿದುಕೊಂಡು, ಮಂಚದಲ್ಲಿ ಕೂತಲ್ಲಿಂದಲೇ ಗೋಡೆಗೆ ಕುಟ್ಟಿದರು. ಪಕ್ಕದವಳು ಕೆಲಸಕ್ಕೆ ಹೊರಟಿದ್ದಳು. ತಲೆಗೆ ಸುತ್ತಿದ ಬಟ್ಟೆ, ಕೈಯಲ್ಲಿ ಊಟದ ಡಬ್ಬಿ ಸಮೇತ ಬಂದು ನಿಂತಳು.

"ನನ್ನ ಸೊಸೆ ಒಟ್ಟೆ ಕೊಯ್ದವ್ರಂತೆ. ನನ್ನ ಎತ್ತೋರು ಇಲ್ಲ" ಅಂದರಂತೆ ಅತ್ತೆ.

ಅವಳು ಡಬ್ಬಿ ಕೆಳಗಿಟ್ಟು, "ಎಪ್ಪಡಿ ತೂಕ್ಕಣುಂ, ಸೊಲ್ಲುಂಗೋ ಪಾಟಿ" ಅಂದಳಂತೆ. ಹೇಗೆ ಎತ್ತಬೇಕು ಹೇಳಿ ಅಜ್ಜಿ, ಅಷ್ಟೇ. ನುಗ್ಗೆಮರದ ಮಾತೇ ಇಲ್ಲ. ಅತ್ತೆ ಮಂಡಿಗೆ ಮಂಡಿ ಕೊಡು ಅಂದರು, ಕೈ ಎಲ್ಲಿ ತೂರಿಸಬೇಕು ಅಂತ ತೋರಿಸಿದರು. ಜಲ್ಲಿಯ ಬಾಂಡಲಿ ಹೊತ್ತು ಮಹಡಿ ಹತ್ತುವವಳಿಗೆ ಅತ್ತೆ ಯಾವ ಲೆಕ್ಕ, ಒಂದೇ ಸಲಕ್ಕೆ ಎತ್ತಿ ಕುರ್ಚಿಯಲ್ಲಿ ಕೂರಿಸಿದಳು. ಕೆಲಸಕ್ಕೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ತಾನು ಬರುತ್ತೇನೆ, ಮಧ್ಯಾಹ್ನಕ್ಕೆ ಎದುರು ಸಾಲಿನವರಿಗೆ ಹೇಳುತ್ತೇನೆ ಅಂತ ಅವತ್ತೇ ಗೊತ್ತು ಮಾಡಿ ಹೋದಳಂತೆ. ನಾನಿನ್ನೂ ಆಪರೇಷನ್ ಕೋಣೆಯಿಂದ ಹೊರಗೆ ಬಂದಿರಲಿಲ್ಲ.

ಆಸ್ಪತ್ರೆಯಲ್ಲಿ ಒಂದು ವಾರ ಇದ್ದೆ. ನನ್ನ ಪಕ್ಕದ ಮಂಚಕ್ಕೆ ನಮ್ಮ ಗಣಿ ಊರಿನದೇ ಇನ್ನೊಂದು ಬಡಾವಣೆ ಕೋರಮಂಡಲ್ ಕಡೆಯ ಒಬ್ಬಾಕೆ ಬಂದಳು, ಅದೇ ಪಿತ್ತಕೋಶ. ಅವಳಿಗೆ ತೂತಿನಲ್ಲೇ ಮುಗಿಯಿತು. ಸಂಜೆಗೆ ಎದ್ದು ಕೂತಳು, ಒಳಗೆ ತುಂಬಿದ ಗಾಳಿಗೆ ಹೆಗಲು ನೋಯುತ್ತದೆ ಅಂತ ಗೊಣಗಿದಳು, ಮಾರನೆಯ ದಿನ ತಲೆ ಬಾಚಿಕೊಂಡು ಹೂ ಮುಡಿದುಕೊಂಡು ಮನೆಗೆ ಹೊರಟಳು. ನಾನು ಆಗಿನ್ನೂ ಎಡಕ್ಕೆ ಹೊರಳಲು ನರ್ಸನ್ನು ಕೂಗುತ್ತಿದ್ದೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವಳು ಹೋಗುವ ಮುನ್ನ ಒಂದು ಕಿತ್ತಳೆ ಸುಲಿದು ತೊಳೆ ಬಿಡಿಸಿ ನನ್ನ ಕೈಗೆ ಎಟಕುವ ಹಾಗೆ ಇಟ್ಟು ಹೋದಳು. ಯಾರಾದರೂ ಕೇಳಿದರೆ ನಾನೀಗಲೂ ಹೇಳುವುದು ಇದೇ. ಆಗುವವರಿಗೆ ತೂತಿನದೇ ಒಳ್ಳೆಯದು. ನೋವು ಬಂದ ಕೂಡಲೇ ಹೋಗಿ, ಬಾಳೆದಿಂಡನ್ನು ಪಲ್ಯಕ್ಕೆ ಇಟ್ಟುಕೊಳ್ಳಿ.

ಮನೆಗೆ ಬಂದಾಗ ಅತ್ತೆ ಬಾಗಿಲ ಬಿಸಿಲಿನಲ್ಲಿ ಕೂತಿದ್ದರು. ಅವರ ತಲೆ ಬಾಚಿತ್ತು, ಸೀರೆ ಒಪ್ಪವಾಗಿತ್ತು. ನಾನು ಮಾಡುವುದಕ್ಕಿಂತ ಚೆನ್ನಾಗಿಯೇ ಇತ್ತು. ಸೆರಗು ಸರಿಸಿ ಗಾಯ ತೋರಿಸು ಅಂದರು, ತೋರಿಸಿದೆ. ಮುಟ್ಟಲಿಲ್ಲ, ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಮಲಗಿದಲ್ಲಿಂದ ನೆಟ್ಟಗೆ ಏಳಬೇಡ, ಮೊದಲು ಪಕ್ಕಕ್ಕೆ ಹೊರಳಿ ಕಾಲು ಕೆಳಗೆ ಬಿಟ್ಟು ಏಳು ಅಂತ ಹೇಳಿಕೊಟ್ಟರು. ಕೆಮ್ಮು ಬಂದರೆ ದಿಂಬನ್ನು ಗಾಯಕ್ಕೆ ಒತ್ತಿ ಹಿಡಿದು ಕೆಮ್ಮು ಅಂದರು. ಸರಿಯಾಗಿ ಅದನ್ನೇ ಆಸ್ಪತ್ರೆಯಲ್ಲೂ ಹೇಳಿ ಕಳಿಸಿದ್ದರು.

ಒಂದು ಬೆಳಿಗ್ಗೆ ಬೀದಿ ನಲ್ಲಿಯಲ್ಲಿ ನೀರು ಬಂತು. ಗಂಡ ಬಾಡಿಗೆಗೆ ಹೋಗಿದ್ದರು. ನೋವು ಸುಮಾರಾಗಿ ಇಳಿದಿತ್ತು. ಹೊರಗೆ ಬಿಂದಿಗೆಗಳ ಸದ್ದು ಕೇಳಿದ ಕೂಡಲೇ ಕಾಲು ತಾನಾಗಿ ಹೊರಟಿತು, ಅಭ್ಯಾಸ ಅಂದರೆ ಹಾಗೆ. ಅರ್ಧ ಬಿಂದಿಗೆ ತಾನೆ ಅಂದುಕೊಂಡು ಒಂದನ್ನು ತೆಗೆದುಕೊಂಡೆ. ಒಳಗಿಂದ ಅತ್ತೆ ಕಿರುಚಿದ ರಭಸಕ್ಕೆ ಬಿಂದಿಗೆ ಕೈಜಾರಿ ಹೊಸ್ತಿಲ ಮೇಲೆ ಬಿತ್ತು. ಒಳಗೆ ಹೋಗಿ, ಏನಾಯಿತು ಅಂತ ನಾನೂ ರೇಗಿದೆ. ಅವರು ಮಂಚದ ಅಂಚು ತಟ್ಟಿದರು. ಕೂತ್ಕ ಅಂದರು. ಕೂತೆ. ಅವರು ತಮ್ಮ ಸೀರೆಯ ಮೇಲಿಂದಲೇ ಆ ಉಬ್ಬಿನ ಮೇಲೆ ಕೈಯಿಟ್ಟುಕೊಂಡರು.

"ಇದು ಡಾಕ್ಟ್ರು ಮಾಡಿದ್ದಲ್ಲ ಕಣೇ. ಆಪರೇಷನ್ ಆಗಿ ಮನೆಗೆ ಬಂದಿದ್ದೆ, ನಿಮ್ಮಾವ ಪಾಳಿಗೆ ಓಗಿದ್ರು. ನಲ್ಲೀಲಿ ನೀರು ಬಂತು. ಎಲ್ಲಾ ಅವರವರ ಬಿಂದಿಗೆ ಇಟ್ಕೊಂಡು ನಿಂತಿದ್ರು, ನಾನೂ ಓಗಿ ನಿಂತೆ. ಎತ್ತು ಅಂತ ಯಾರೂ ಅನ್ನಲಿಲ್ಲ. ಬ್ಯಾಡ ಅಂತಾನೂ ಯಾರೂ ಅನ್ನಲಿಲ್ಲ."

ಬಿಂದಿಗೆ ಸೊಂಟಕ್ಕೆ ಏರಿಸುವಾಗ ಒಳಗೆ ಬಟ್ಟೆ ಹರಿದ ಹಾಗೆ ಆಯಿತಂತೆ. ಮನೆಗೆ ಬಂದು ನೀರಿಳಿಸಿ, ಅಡಿಗೆ ಮಾಡಿ, ಯಾರಿಗೂ ಹೇಳಲಿಲ್ಲವಂತೆ. ಆಮೇಲೆ ಉಬ್ಬು ಕಾಣಿಸಿಕೊಂಡಾಗ ಎಲ್ಲರೂ ಆಪರೇಷನ್ನು ಸರಿಹೋಗಲಿಲ್ಲ ಅಂದರು, ಅವರು ಅಲ್ಲ ಅನ್ನಲಿಲ್ಲ. ಗೋಡೆ ತಟ್ಟಬಹುದಿತ್ತಲ್ಲ ಅತ್ತೆ ಅಂತ ಕೇಳಿದೆ. ಹೆರಿಗೆಗೆ ತಟ್ತಾರೆ, ಸಾವಿಗೆ ತಟ್ತಾರೆ, ನೀರಿಗೆಲ್ಲಾ ಯಾರು ತಟ್ತಾರೆ ಅಂತ ಸುಮ್ಮನಾದೆ ಅಂದರು. ಅಷ್ಟು ಹೇಳಿ ಬಾಗಿಲ ಬಿಸಿಲಿನ ಕಡೆ ಮುಖ ತಿರುಗಿಸಿದರು.

ಇಷ್ಟು ವರ್ಷ ಆ ಉಬ್ಬಿಗೆ ಸೋಪು ಹಚ್ಚುತ್ತ, ಇದು ಹಳೇ ಕಾಲದ ಡಾಕ್ಟರ ಕೊಯ್ತದ ಫಲ ಅಂತ ತಿಳಿದಿದ್ದೆ. ಅದನ್ನು ನೋಡಿಯೇ ದೊಡ್ಡ ಗಾಯಕ್ಕೆ ಹೆದರಿದ್ದೆ, ಅದಕ್ಕಾಗಿಯೇ ಮಾತು ಕೊಡದ ಡಾಕ್ಟರಮ್ಮನ ಮೇಲೆ ಸಿಟ್ಟಾಗಿದ್ದೆ. ಅತ್ತೆಯನ್ನು ಕೊಯ್ದವರು ನೆಟ್ಟಗೇ ಕೊಯ್ದು ನೆಟ್ಟಗೇ ಹೊಲಿದಿದ್ದರು. ಅವರ ಮನೆಯಲ್ಲಿ ಒಂದು ಬಿಂದಿಗೆ ನೀರು ತಂದುಕೊಡುವವರು ಇರಲಿಲ್ಲ, ಅಷ್ಟೇ. ಅವರು ನನಗಾಗಿ ಲೋಟ ಹಿಡಿದು ಗೋಡೆ ಕುಟ್ಟಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಅವರ ಹತ್ತಿರ ಹೋಗಿ ಕೂತು ಅತ್ತೆ ಅಂದೆ. ಅವರು ಈ ಕಡೆ ತಿರುಗದೆ, ಕಾಫಿ ಪಕ್ಕದವಳ ಕೈಲಿ ಮಾಡಿಸ್ತೀನಿ, ನೀನು ಒಲೆ ಹತ್ರ ಓಗ್ಬ್ಯಾಡ ಅಂದರು.

ಒಂದೂವರೆ ತಿಂಗಳೂ ಪಕ್ಕದವಳು ತಪ್ಪದೆ ಬಂದಳು. ಈಗ ಅವಳೂ ಅತ್ತೆಯೂ ಬೆಳಿಗ್ಗೆ ಬೆಳಿಗ್ಗೆ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಊರಿನವರನ್ನೆಲ್ಲ ಆಡಿಕೊಳ್ಳುತ್ತಾರೆ. ನುಗ್ಗೆಸೊಪ್ಪು ನಮ್ಮ ಮನೆಗೆ ಕಟ್ಟುಗಟ್ಟಲೆ ಬರುತ್ತದೆ. ನಾನು ಅವಳಿಗೆ ಎರಡು ರವಿಕೆ ಹೊಲಿದುಕೊಟ್ಟೆ. ತೋಳು ಬಿಗಿ ಅಂದಳು, ಅಷ್ಟು ದಪ್ಪ ತೋಳಿಲ್ಲದಿದ್ದರೆ ನಮ್ಮ ಅತ್ತೆಯನ್ನು ಎತ್ತುವುದು ಹೇಗೆ ಅಂತ ಬಿಚ್ಚಿ ಮತ್ತೆ ಹೊಲಿದೆ.

ಕಡೆಗೆ ಡಾಕ್ಟರಮ್ಮನನ್ನು ನೋಡಲು ಹೋದೆ. ಒತ್ತಿ ನೋಡಿದರು, ಕೆಮ್ಮಿಸಿ ನೋಡಿದರು. ಗಾಯ ಗಟ್ಟಿಯಾಗಿದೆ, ಇನ್ನು ನಿಧಾನವಾಗಿ ಭಾರ ಎತ್ತಬಹುದು ಅಂದರು. ಅತ್ತೆಯ ಉಬ್ಬಿನ ವಿಷಯ ಕೇಳಿದೆ. ಅದು ಹರ್ನಿಯಾ, ದೊಡ್ಡ ಗಾಯ ಮಾಯುವ ಮುಂಚೆ ಭಾರ ಎತ್ತಿದರೆ ಹಾಗಾಗುವುದುಂಟು, ಅವರನ್ನೂ ಒಂದು ಸಲ ಕರೆದುಕೊಂಡು ಬನ್ನಿ, ನೋಡೋಣ ಅಂದರು. ಕೈ ಮುಗಿದೆ. ಹಾಗೆಲ್ಲ ಯಾರಿಗೂ ಸುಲಭಕ್ಕೆ ಕೈ ಮುಗಿಯುವವಳಲ್ಲ ನಾನು.

ಮಾರನೆಯ ಬೆಳಿಗ್ಗೆ ಪಕ್ಕದವಳು ಬರುವ ಮುಂಚೆಯೇ ಎದ್ದು ಅತ್ತೆಯ ಮಂಚದ ಹತ್ತಿರ ಹೋದೆ. ಡಾಕ್ಟರಮ್ಮ ಒಪ್ಪಿದರು, ಇವತ್ತಿಂದ ನಾನೇ ಅಂದೆ. ಮಂಡಿಗೆ ಮಂಡಿ ಒತ್ತಿ ಬಗ್ಗಿದೆ. ಅತ್ತೆ ಕುತ್ತಿಗೆಗೆ ಕೈ ಹಾಕಲಿಲ್ಲ. ನನ್ನ ಎರಡೂ ಮುಂಗೈ ಹಿಡಿದುಕೊಂಡು ಮೆಲ್ಲಗೆ ಹಿಂದಕ್ಕೆ ನೂಕಿದರು.

"ಬ್ಯಾಡ" ಅಂದರು. "ಇನ್ನೂ ಒಂದು ತಿಂಗಳು ಬ್ಯಾಡ."